1/100 ಯುಕಿಕಾಜೆ: ಚಿಕ್ಕ ಹಡಗು, ದೊಡ್ಡ ಸಮುದ್ರ

1/100 ಅಳತೆಯ ಹಡಗನ್ನು ನಿಜವಾದ ನೀರಿನಲ್ಲಿ ಬಿಟ್ಟು ಶೂಟ್ ಮಾಡಿದರೆ ಆಟಿಕೆ ಥರಾನೇ ಕಾಣುತ್ತೆ ಅಂತ ನನಗೆ ಹೇಳದವರಿಲ್ಲ. ಇಲ್ಲಿನ ಮಾಡೆಲ್ ಕ್ಲಬ್ಬಿನ ಹಿರಿಯರೊಬ್ಬರು, ನೀರಿಗಿಳಿಸೋದಾದರೆ ಕಡಿಮೆ ಅಂದರೂ 1/48 ಬೇಕು ಅಂದರು. ಬೆಂಗಳೂರಿನಲ್ಲಿ ವಿಎಫ್‌ಎಕ್ಸ್ ಕೆಲಸದಲ್ಲಿರುವ ಗೆಳೆಯ, "ಹಡಗನ್ನ ಎಷ್ಟು ಬೇಕಾದ್ರೂ ಚಿಕ್ಕದು ಮಾಡ್ಬಹುದು ಕಣೋ, ನೀರನ್ನ ಮಾಡಕ್ಕಾಗಲ್ಲ. ಸುಮ್ನೆ ಕಂಪ್ಯೂಟರಲ್ಲಿ ಸಿಜಿ ಮಾಡು" ಅಂದ. ಅದೇ ಗೆಳೆಯ ಮೊನ್ನೆ ನನ್ನ ಕಿರುಚಿತ್ರದ ಶಾಟ್ ನೋಡಿ, ನೀರಿಗೆ ಯಾವ ಸಾಫ್ಟ್‌ವೇರ್ ಹಾಕಿದೆ ಅಂತ ಕೇಳಿದ. ಸಾಫ್ಟ್‌ವೇರ್ ಏನೂ ಇಲ್ಲ. ಅದು ನೀರೇ. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನಾನಿರೋದು ಜಪಾನಿನ ಕಾವಾಸಾಕಿಯಲ್ಲಿ. ಮಾಡಿದ ಹಡಗು 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರದ ಯುಕಿಕಾಜೆ. ಸಗಾಮಿ ಕೊಲ್ಲಿಯಲ್ಲಿ ಗಾಡ್ಜಿಲ್ಲಾನ ಸುತ್ತ ಕೇಬಲ್ ಎಳೆದುಕೊಂಡು ಸುತ್ತು ಹೊಡೆಯುವ ಎರಡು ಡಿಸ್ಟ್ರಾಯರ್ ಯುದ್ಧನೌಕೆಗಳಲ್ಲಿ ಒಂದು. ಇನ್ನೊಂದು ಹಿಬಿಕಿ. ಹೆಸರುಗಳು ನಿಜ, ಆದರೆ ಚಿತ್ರದಲ್ಲಿರುವ ನೌಕಾಪಡೆ ಪೂರ್ತಿ ಕಲ್ಪನೆ. ಕತೆ ನಡೆಯೋದು 1947ರಲ್ಲಿ. ನಿಜವಾದ ಯುಕಿಕಾಜೆಯನ್ನು ಆ ವರ್ಷ ಜುಲೈ 6ರಂದು ಚೀನಾ ಗಣರಾಜ್ಯಕ್ಕೆ (ಈಗಿನ ತೈವಾನ್ ಸರ್ಕಾರ) ಕೊಟ್ಟುಬಿಟ್ಟರು, ಅಲ್ಲಿ ಅದು ದಾನ್ ಯಾಂಗ್ ಆಗಿ 1966ರವರೆಗೆ ಓಡಿತು. ಹಿಬಿಕಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಗಾಡ್ಜಿಲ್ಲಾ ಮೇಲೆ ಗುಂಡು ಹಾರಿಸುವ ಕ್ರೂಸರ್ ತಕಾವೊ ಅಂತೂ 1946ರ ಅಕ್ಟೋಬರ್‌ನಲ್ಲೇ ಮಲಕ್ಕಾ ಜಲಸಂಧಿಯ ತಳ ಸೇರಿತ್ತು. ಇದು ನನಗೆ ಅನುಕೂಲವೇ ಆಯಿತು. ಇಂಥ ದಿನ ಈ ಕೊಳವೆ ಇರಲಿಲ್ಲ, ಆ ಕಂಬ ಇರಲಿಲ್ಲ ಅಂತ ಜಗಳ ತೆಗೆಯುವವರಿಗೆ ಚಿತ್ರದ ಹಡಗಿನಲ್ಲಿ ಜಾಗವಿಲ್ಲ. ತೋಪುಗಳನ್ನು ಕಳಚಿದ ಡೆಕ್ ಬೇರೆ. ಮೇಲ್ಭಾಗದ ತೂಕ ಅಲ್ಲೇ ಎಷ್ಟೋ ಇಳಿಯಿತು.

ಮೊದಲು ಮುಖ್ಯ ವಿಷಯ. ಎಲ್ಲರೂ ಹಡಗಿನ ಅಳತೆ ಮೊದಲು ತೀರ್ಮಾನ ಮಾಡಿ, ಆಮೇಲೆ ಕ್ಯಾಮೆರಾ ಹುಡುಕುತ್ತಾರೆ. ನಾನು ಉಲ್ಟಾ ಹೋದೆ. ಚಿಕ್ಕ ಅಲೆ ಬೇಗ ಬೇಗ ಏರಿಳಿಯುತ್ತೆ. ಹಡಗು ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ನಿಧಾನ ಮಾಡಿ ತೋರಿಸಿದರೆ ಅಲೆ ನಿಜವಾದ ಸಮುದ್ರದ್ದರ ಹಾಗೆ ಕಾಣುತ್ತೆ. ನನ್ನ ಫೋನು ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತೆ, ತೋರಿಸೋದು 24ರಲ್ಲಿ. ಹತ್ತು ಪಟ್ಟು ನಿಧಾನ. ಹತ್ತು ಯಾವುದರ ವರ್ಗಮೂಲ? ನೂರರದ್ದು. ಹಾಗಾಗಿ 1/100. ಸೆಕೆಂಡಿಗೆ ಒಂದು ಮೀಟರ್ ಓಡಿದರೆ ಪರದೆ ಮೇಲೆ 20 ನಾಟ್ ಆಸುಪಾಸು. ನಾಲ್ಕು ಸೆಕೆಂಡ್ ಓಡಿಸಿದರೆ ನಲವತ್ತು ಸೆಕೆಂಡಿನ ಶಾಟ್. ಈ ಲೆಕ್ಕ ಕೂಡಿಬಂದ ದಿನವೇ ಇದು ಆಗುತ್ತೆ ಅಂತ ನನಗೆ ಅನಿಸಿತ್ತು.

ಗಾಡ್ಜಿಲ್ಲಾ ಚಿತ್ರಗಳ ತೋಹೋ ಸ್ಟುಡಿಯೊದವರು 1981ರಲ್ಲಿ ಒಂದು ಯುದ್ಧ ಚಿತ್ರಕ್ಕೆ ಯಮಾಟೊ ಯುದ್ಧನೌಕೆಯನ್ನು 1/20ರಲ್ಲಿ ಮಾಡಿಸಿದ್ದರು, 13 ಮೀಟರ್ ಉದ್ದ. ಅಂಥದಕ್ಕೆ ಸ್ಟುಡಿಯೊ ಬೇಕು. 1960ರಲ್ಲಿ ಕಟ್ಟಿದ ಅವರ ದೊಡ್ಡ ಕೊಳವನ್ನೂ 2004ರಲ್ಲಿ ಒಡೆದುಹಾಕಿದರು. ಈಗ ನಮ್ಮಂಥವರು ನಮ್ಮ ಕೈಗೆಟುಕುವ ಅಳತೆಯಲ್ಲೇ ದಾರಿ ಹುಡುಕಬೇಕು ಅಲ್ವಾ.

ಯುಕಿಕಾಜೆ 118.5 ಮೀಟರ್ ಉದ್ದ, 10.8 ಅಗಲ. ಅಂದರೆ ನನ್ನದು 118.5 ಸೆಂಟಿಮೀಟರ್ ಉದ್ದ, ಅಗಲ 10.8. ತೂಕ ನೋಡಿ: 2,500 ಟನ್ನಿನ ಹಡಗು 1/100ರಲ್ಲಿ ಎರಡೂವರೆ ಕೆಜಿ. ಮೋಟಾರು, ಬ್ಯಾಟರಿ, ರಿಮೋಟಿನ ರಿಸೀವರ್, ಚುಕ್ಕಾಣಿ ತಿರುಗಿಸುವ ಸರ್ವೊ, ಬಣ್ಣ, ಸೀಸದ ಗುಂಡು ಎಲ್ಲಾ ಸೇರಿ ಅಷ್ಟರಲ್ಲೇ ಮುಗಿಯಬೇಕು. 200 ಗ್ರಾಂ ಜಾಸ್ತಿ ಆದರೂ ನೀರಿನ ಗೆರೆ ಮುಳುಗಿ ಹಡಗು ಸೋತ ಹಾಗೆ ಕಾಣುತ್ತೆ.

ಮೊದಲ ಹಲ್, ಅಂದರೆ ಹಡಗಿನ ಒಡಲು, ಥ್ರೀಡಿ ಪ್ರಿಂಟ್‌ನದು. ಪಿಎಲ್‌ಎ ಪ್ಲಾಸ್ಟಿಕ್, ಆರು ತುಂಡು. ಪುಟ್ಟಿ, ಎಪಾಕ್ಸಿ ಎಲ್ಲ ಹಚ್ಚಿ ನಯ ಮಾಡಿದ ಮೇಲೆ ಅದೇ ಒಂದು ಕೆಜಿ ದಾಟಿತು. ಮೇಲಾಗಿ ಜೋಡಣೆಗಳಲ್ಲಿ ನೀರು ಜಿನುಗುತ್ತಿತ್ತು. ಕೊನೆಗೆ ಆಗಸ್ಟ್ ಬಿಸಿಲಲ್ಲಿ ಕಾರಿನೊಳಗೆ ಇಟ್ಟಿದ್ದಾಗ ಬಾಡಿದ ಬಾಳೆಲೆ ಹಾಗೆ ಬಗ್ಗಿತು. ಪಿಎಲ್‌ಎ 60 ಡಿಗ್ರಿ ಹತ್ತಿರಕ್ಕೆ ಮೆತ್ತಗಾಗುತ್ತೆ, ಇಲ್ಲಿಯ ಬೇಸಿಗೆಯಲ್ಲಿ ಮುಚ್ಚಿದ ಕಾರು ಅಲ್ಲಿಗೆ ಸುಲಭವಾಗಿ ಮುಟ್ಟುತ್ತೆ. ಫಿಲಮೆಂಟ್, ಎಪಾಕ್ಸಿ ಸೇರಿ ಒಂದು 20 ಸಾವಿರ ಯೆನ್ ನೀರಿಗೆ ಹೋಯಿತು. ಎರಡನೆಯದು ಪೂರ್ತಿ ಬಾಲ್ಸಾ ಮರ. ಹಗುರ ಬಂತು, ಆದರೆ ಬಣ್ಣದ ಸಂದಿಯಲ್ಲಿ ನೀರು ಕುಡಿದು ಮೂತಿ ಊದಿಕೊಂಡಿತು. ಮೂರನೆಯದೇ ಕೈ ಹಿಡಿದದ್ದು: ಬಾಲ್ಸಾ ಪಟ್ಟಿ, ಅದರ ಮೇಲೆ ತೀರಾ ತೆಳು ಫೈಬರ್‌ಗ್ಲಾಸ್ ಬಟ್ಟೆ ಎರಡು ಪದರ, ಒಳಗಡೆಯೂ ರೆಸಿನ್. 700 ಗ್ರಾಂ ಒಳಗೇ ಬಂತು.

ಮೇಲಿನ ಕಟ್ಟಡಕ್ಕೆ ಹಾಸೆಗಾವಾದ 1/350 ಯುಕಿಕಾಜೆ ಕಿಟ್ ತಂದು, ಒಂದೊಂದು ಭಾಗವನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಮೂರೂವರೆ ಪಟ್ಟು ಹಿಗ್ಗಿಸಿದೆ. ನಕ್ಷೆ ಹುಡುಕಿ ಅಲೆಯುವ ಕೆಲಸ ಉಳಿಯಿತು. ಕಿಟ್ಟನ್ನು ಜೋಡಿಸಲೇ ಇಲ್ಲ, ಅದು ನನ್ನ ಅಳತೆ ಪುಸ್ತಕ. ಗೋಡೆಗಳೆಲ್ಲ ಪ್ಲಾಸ್ಟಿಕ್ ಶೀಟ್, ಕಂಬಗಳು ಹಿತ್ತಾಳೆ ಕಡ್ಡಿ. ಹಲ್‌ನ ಪಕ್ಕದಲ್ಲಿ ಮೂತಿಯಿಂದ ಹಿಂದಿನವರೆಗೆ ಹೋಗುವ, ಹಡಗಿನ ಕಾಂತತೆ ಅಡಗಿಸುವ ಡೀಗಾಸಿಂಗ್ ಕೇಬಲ್ಲಿಗೆ ತಾಮ್ರದ ಸುರುಳಿ ತಂತಿ ಬಿಚ್ಚಿ ಅಂಟಿಸಿದೆ. ಅದೊಂದು ಗೆರೆ ಇಲ್ಲದಿದ್ದರೆ ಹಡಗಿನ ಮೈ ಬೋಳಾಗಿ ಕಾಣುತ್ತಿತ್ತು. ಬಣ್ಣ ತಮಿಯಾ ಟಿಎಸ್-67, ಸಾಸೆಬೊ ಬೂದು. ಯುಕಿಕಾಜೆ ಹುಟ್ಟಿದ್ದು ಸಾಸೆಬೊ ಹಡಗುಕಟ್ಟೆಯಲ್ಲೇ. ಅದರ ಲಂಗರು, ಚುಕ್ಕಾಣಿ ಚಕ್ರ ಎರಡೂ ಇವತ್ತು ಎತಾಜಿಮಾದಲ್ಲಿವೆ. ಹಿರೋಶಿಮಾ ಕಡೆ ಹೋದವರು ನೋಡಿ ಬನ್ನಿ. ಲಂಗರಿನ ಎದುರು ನಿಂತಾಗ ಮೈ ಜುಂ ಅಂದಿತು. ಆ ಹಡಗಿನದು ಅಂತ ಜಪಾನಿನಲ್ಲಿ ಕಣ್ಣಿಂದ ನೋಡಬಹುದಾದದ್ದು ಹೆಚ್ಚೇನೂ ಉಳಿದಿಲ್ಲ, ಪ್ರೊಪೆಲ್ಲರ್ ತೈವಾನ್‌ನಲ್ಲಿದೆ.

ಈಗ ವಾಲಾಟ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಆಟಿಕೆ ಅನ್ನೋದು ಮೊದಲು ಗೊತ್ತಾಗೋದು ಇಲ್ಲೇ. ಮಗುಚಬಾರದು ಅಂತ ಎಲ್ಲರೂ ಸೀಸವನ್ನು ಹಲ್‌ನ ತಳಕ್ಕೆ ತುಂಬುತ್ತಾರೆ. ಆಗ ಹಡಗು ಟಕ್ ಟಕ್ ಅಂತ ನೆಟ್ಟಗಾಗುತ್ತೆ. ಈ ಗಾತ್ರದ ಡಿಸ್ಟ್ರಾಯರ್ ಒಂದು ಬದಿಯಿಂದ ಇನ್ನೊಂದಕ್ಕೆ ವಾಲಿ ವಾಪಸ್ ಬರಲು ಹತ್ತು ಸೆಕೆಂಡ್ ಹತ್ತಿರ ತಗೊಳ್ಳುತ್ತೆ. 1/100ರಲ್ಲಿ ಅದು ಒಂದು ಸೆಕೆಂಡ್ ಆಗಬೇಕು. ಬಾತ್‌ಟಬ್ಬಿನಲ್ಲಿ ತೇಲಿಸಿ, ಬೆರಳಲ್ಲಿ ಒತ್ತಿ ಬಿಟ್ಟು, ಹತ್ತು ಸಲ ತೂಗಲು ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದೆ. ಮೊದಲು ಆರು ಸೆಕೆಂಡಿಗೇ ಮುಗಿಯುತ್ತಿತ್ತು. ಸೀಸವನ್ನು ತಳದಿಂದ ತೆಗೆದು ಎರಡೂ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಅಂಟಿಸುತ್ತಾ ಹೋದೆ. ಹತ್ತಕ್ಕೆ ಬಂದಾಗ ನಿಲ್ಲಿಸಿದೆ. ತಿರುವಿನಲ್ಲಿ ಭಯ ಆಗುವಷ್ಟು ವಾಲುತ್ತೆ, ಆದರೆ ಮಗುಚಲ್ಲ. ಚಿತ್ರದಲ್ಲಿ ಆ ಎರಡು ಹಡಗು ಹತ್ತಿರ ಹತ್ತಿರ ಹಾದುಹೋಗುವಾಗ ಬರುವ ಭಾರ ಇದೆಯಲ್ಲ, ಅದು ಬಂತು.

ನೀರಿನದೇ ದೊಡ್ಡ ತಲೆನೋವು. ಹನಿ ಚಿಕ್ಕದಾಗಲ್ಲ. ಮೂತಿಯಿಂದ ಸಿಡಿಯುವ 3 ಮಿಲಿಮೀಟರ್ ಹನಿ ಪರದೆ ಮೇಲೆ 30 ಸೆಂಟಿಮೀಟರ್ ಚೆಂಡು. ಜೊತೆಗೆ 1.7 ಸೆಂಟಿಮೀಟರಿಗಿಂತ ಚಿಕ್ಕ ಅಲೆಗಳನ್ನು ಓಡಿಸೋದು ಮೇಲ್ಮೈ ಸೆಳೆತ, ಗುರುತ್ವವಲ್ಲ. ಅವು ಚುರುಕಾಗಿ ನಡುಗುತ್ತವೆ, ಸಮುದ್ರ ಜೆಲ್ಲಿಯಾಗುತ್ತೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದೆ. ಸೆಳೆತ ಇಳಿಯಿತು, ಆದರೆ ನೊರೆ ಹೋಗಲೇ ಇಲ್ಲ, ಹಡಗಿನ ಹಿಂದೆ ಸ್ನಾನದ ಮನೆ ತಯಾರು. ಎಣ್ಣೆ ಅಲೆಯನ್ನು ಅಡಗಿಸುತ್ತೆ ಅಂತ ಓದಿದ್ದೆ, ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಿಟ್ಟು ನೋಡಿದೆ. ಚಿಕ್ಕ ಅಲೆ ಸತ್ತಿತು, ಜೊತೆಗೆ ಸಮುದ್ರವೂ. ಮೇಲೆ ಕಾಮನಬಿಲ್ಲಿನ ಬಣ್ಣ. ಕೆಲಸ ಮಾಡಿದ್ದು ಫಿಲ್ಮ್ ತೊಳೆಯುವವರು ಕೊನೆಯಲ್ಲಿ ಹಾಕುವ ವೆಟಿಂಗ್ ಏಜೆಂಟ್. ನೊರೆ ಕಡಿಮೆ, ಹನಿ ಸಣ್ಣಗೆ ಒಡೆಯುತ್ತೆ. ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೂತಿಯ ಬಿಳಿ ನೊರೆ ಈ ಅಳತೆಯಲ್ಲಿ ತಾನಾಗಿ ಹುಟ್ಟಲ್ಲ. ನಾವೇ ಹುಟ್ಟಿಸಬೇಕು. ಅಕ್ವೇರಿಯಂನಲ್ಲಿ ಸಮುದ್ರದ ಮೀನು ಸಾಕುವವರು ಗಾಳಿಗುಳ್ಳೆ ಬಿಡಲು ಬಳಸುವ ಮರದ ಏರ್‌ಸ್ಟೋನ್ ಗೊತ್ತಲ್ವಾ, ಕಲ್ಲಿನದಕ್ಕಿಂತ ಎಷ್ಟೋ ನುಣ್ಣಗಿನ ಗುಳ್ಳೆ ಕೊಡುತ್ತೆ. ಅದನ್ನು ಸೀಳಿ ಮೂತಿಯ ಎರಡೂ ಬದಿ, ನೀರಿನ ಗೆರೆಯ ಕೆಳಗೆ ಕೂರಿಸಿ, ಬ್ಯಾಟರಿ ಏರ್ ಪಂಪಿಗೆ ಜೋಡಿಸಿದೆ. ಗುಳ್ಳೆಗಳು ಹಾಲಿನ ಹಾಗೆ ಹಲ್‌ಗೆ ಅಂಟಿಕೊಂಡು ಹಿಂದಕ್ಕೆ ಜಾರುತ್ತವೆ. ಪಂಪು ಚಾಲೂ ಆಗುವ ಹೊತ್ತು ಹಡಗಿನ ವೇಗಕ್ಕೆ ಹೊಂದಬೇಕು, ಅದಕ್ಕೊಂದು ಉಪಾಯ ಇದೆ. ಅದನ್ನು ನನ್ನ ಮುಂದಿನ ಮಾಡೆಲ್ ತಕಾವೊ ಮುಗಿದ ಮೇಲೆ ಹೇಳುತ್ತೇನೆ.

ಕ್ಯಾಮೆರಾ ವಿಷಯದಲ್ಲಿ ದೊಡ್ಡ ಲೆನ್ಸ್ ಇರುವವರು ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಫೋನೇ ಗೆಲ್ಲೋದು. ಫೋನನ್ನು ತಲೆಕೆಳಗು ಹಿಡಿದರೆ ಲೆನ್ಸು ನೀರಿನಿಂದ ಒಂದೆರಡು ಸೆಂಟಿಮೀಟರ್ ಮೇಲೆ ಬರುತ್ತೆ. ಅಂದರೆ ಚಿಕ್ಕ ದೋಣಿಯಲ್ಲಿ ಕೂತವನ ಕಣ್ಣು. ಸೆನ್ಸರ್ ಸಣ್ಣದು, ಹಾಗಾಗಿ ಮೂತಿಯಿಂದ ಬಾಲದವರೆಗೆ ಎಲ್ಲವೂ ಫೋಕಸ್‌ನಲ್ಲಿರುತ್ತೆ. ಕ್ಲಬ್ಬಿನವರ ಮಿರರ್‌ಲೆಸ್ ಕ್ಯಾಮೆರಾ ಇಟ್ಟು ನೋಡಿದೆವು, ಹಿಂದಿನ ಕಂಬ ಮಸುಕಾಗಿ ಹಡಗು ಅಂಗೈಯಷ್ಟು ಕಂಡಿತು. ಬೆಳಕು ಮಾತ್ರ ಬಿಸಿಲೇ ಆಗಬೇಕು. ಅಗ್ಗದ ಎಲ್‌ಇಡಿ 240 ಫ್ರೇಮಿನಲ್ಲಿ ಮಿಣುಕುತ್ತೆ.

ಜಾಗಕ್ಕೆ ಮೊದಲು 3 ಮೀಟರಿನ ರಬ್ಬರ್ ಕೊಳ ಕೊಂಡೆ, 12 ಸಾವಿರ ಯೆನ್ ಇರಬೇಕು. ಹಡಗು ವೇಗ ಹಿಡಿಯುವ ಹೊತ್ತಿಗೆ ಗೋಡೆ ಬಂತು, ಗೋಡೆಗೆ ಬಡಿದ ಅಲೆ ವಾಪಸ್ ಬಂತು. ಕಡೆಗೆ ಇಜು ಪರ್ಯಾಯ ದ್ವೀಪದ ಕಡೆ ಹಳೇ ವಸತಿಗೃಹವೊಂದರ ಈಜುಕೊಳವನ್ನು ಸೀಸನ್ ಮುಗಿದ ಮೇಲೆ ದಿನಕ್ಕೆ 25 ಸಾವಿರಕ್ಕೆ ಹಿಡಿದೆ. ಹೇಗೂ ಅವರು ನೀರು ಬದಲಿಸುವವರಿದ್ದರು, ನಮ್ಮ ಔಷಧಿಗೆ ಒಪ್ಪಿದರು. ಕೆರೆ, ಹೊಳೆಯಲ್ಲಿ ದಯವಿಟ್ಟು ಈ ಪ್ರಯೋಗ ಮಾಡಬೇಡಿ, ಮೀನು ಸಾಯುತ್ತವೆ. ತಳಕ್ಕೆ ಕಪ್ಪು ಶೀಟ್, ಮೂರು ಕಡೆ ಇಳಿಜಾರಾಗಿ ಹಳೇ ಸ್ಪಂಜ್ ಹಾಸಿದ್ದರಿಂದ ಅಲೆ ಅಲ್ಲೇ ಸತ್ತಿತು. ಬಾಡಿಗೆ, ಮೋಟಾರು, ಅದರ ವೇಗ ಹಿಡಿತದಲ್ಲಿಡುವ ಇಎಸ್‌ಸಿ, ಬಣ್ಣ, ಹಾಳಾದ ಎರಡು ಹಲ್ ಎಲ್ಲಾ ಸೇರಿ ನನ್ನ ಲೆಕ್ಕಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ ಯೆನ್. ನಮ್ಮ ರೂಪಾಯಿಯಲ್ಲಿ ಒಂದು ಲಕ್ಷದ ಸುತ್ತಮುತ್ತ. ಈಗ ಮತ್ತೆ ಮಾಡುವುದಾದರೆ ಅರ್ಧದಲ್ಲಿ ಮುಗಿಸುತ್ತೇನೆ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಮೊದಲ ಗಾಡ್ಜಿಲ್ಲಾದ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಎಯ್‌ಜಿ ತ್ಸುಬುರಾಯಾ ತಂಡದವರು ಆಕಾಶದಿಂದ ಕಾಣುವ ಸಮುದ್ರವನ್ನು ಕಾಂತೆನ್‌ನಲ್ಲಿ ಎರಕ ಹೊಯ್ಯುತ್ತಿದ್ದರು. ಕಾಂತೆನ್ ಅಂದರೆ ನಮ್ಮ ಚೈನಾ ಗ್ರಾಸ್. 1/700 ಹಡಗಿಗೆ ನಾನೂ ಮಾಡಿದೆ. ನೀಲಿ, ಚೂರು ಕಪ್ಪು ಬೆರೆಸಿ ದೊಡ್ಡ ಟ್ರೇಗೆ ಹೊಯ್ದು, ಇನ್ನೇನು ಗಟ್ಟಿಯಾಗುತ್ತೆ ಅನ್ನುವಾಗ ಫೋರ್ಕಿನಲ್ಲಿ ಅಲೆ ಗೀರಿದೆ. ಮೊದಲ ಸಂಜೆ ಅದ್ಭುತವಾಗಿತ್ತು. ಮಾರನೇ ದಿನಕ್ಕೆ ಅಂಚು ಒಣಗಿ ಟ್ರೇ ಬಿಟ್ಟು ಸರಿಯಿತು, ಆಮೇಲೆ ವಾಸನೆ. ಆದರೆ ಆ ಒಂದು ಸಂಜೆ ತೆಗೆದ ಮೇಲ್ನೋಟದ ಶಾಟ್ ನನ್ನ ಕಿರುಚಿತ್ರದಲ್ಲಿ ಉಳಿದಿದೆ, ನೋಡಿದ ಯಾರೂ ಗುರುತು ಹಿಡಿದಿಲ್ಲ.

'ಮೈನಸ್ ಒನ್'ಗೆ ಶಿರೊಗುಮಿ ಸ್ಟುಡಿಯೊದ 35 ಜನ 610 ವಿಎಫ್‌ಎಕ್ಸ್ ಶಾಟ್ ಮಾಡಿ, 2024ರಲ್ಲಿ ಆಸ್ಕರ್ ತಂದ ಕೆಲಸಕ್ಕೆ ಇದನ್ನು ಹೋಲಿಸುತ್ತಿಲ್ಲ. ನಿರ್ದೇಶಕ ತಕಾಶಿ ಯಾಮಜಾಕಿಯವರ ಆ ಸಮುದ್ರವನ್ನು ನಾನು ತಲೆಬಾಗಿ ನೋಡುವವನು. ಆದರೆ ನನ್ನ ನೀರು ಒಂದು ಕಡೆ ಗೆಲ್ಲುತ್ತೆ: ಹಡಗು ತಿರುಗಿದ ಮೇಲೆ ಹಳೇ ಅಲೆ, ಹೊಸ ಅಲೆ ಒಂದಕ್ಕೊಂದು ಹಾಯುವ ಜಾಗದಲ್ಲಿ ನಾನು ಏನೂ ಮಾಡಬೇಕಿಲ್ಲ.

ಗಾಡ್ಜಿಲ್ಲಾ ಕೆಲಸ ಸುಲಭದ್ದು. ಚಿತ್ರದಲ್ಲಿ ಅದರ ಎತ್ತರ 50.1 ಮೀಟರ್, ನನಗೆ ಅರ್ಧ ಮೀಟರ್. ನೀರಿನ ಮೇಲೆ ಬರುವ ತಲೆ, ಭುಜ, ಬೆನ್ನಿನ ಮುಳ್ಳು ಇಷ್ಟನ್ನು ಗಟ್ಟಿ ಫೋಮಿನಲ್ಲಿ ಕೆತ್ತಿ, ಕೆಳಗೆ ಕಬ್ಬಿಣದ ತಟ್ಟೆ ಕಟ್ಟಿ ನಿಲ್ಲಿಸಿದೆ.

ಈಗ ತಕಾವೊ ಶುರು ಮಾಡಿದ್ದೇನೆ. 203.8 ಮೀಟರ್ ಹಡಗು, ಅಂದರೆ ಎರಡು ಮೀಟರ್ ದಾಟುತ್ತೆ, ತೂಕ 15 ಕೆಜಿ ಹತ್ತಿರ. ಮೂರು ತುಂಡಾಗಿ ಬಿಚ್ಚುವ ಹಾಗೆ ಮಾಡುತ್ತಿದ್ದೇನೆ, ಇಲ್ಲದಿದ್ದರೆ ಲಿಫ್ಟಿಗೆ ಹಿಡಿಸಲ್ಲ. ಕ್ಲಬ್ಬಿನ ಆ ಹಿರಿಯರು ಈ ಸಲ ಅಳತೆ ಬಗ್ಗೆ ಏನೂ ಅನ್ನಲಿಲ್ಲ. ಹಿಬಿಕಿಯನ್ನು 1/100ರಲ್ಲೇ ಅವರು ಮಾಡುತ್ತಾರಂತೆ, ವೆಟಿಂಗ್ ಏಜೆಂಟ್ ಜೊತೆ ಸೇರಿಸೋದು ಏನು ಅಂತ ಎರಡು ಸಲ ಕೇಳಿದರು. ಹಲ್ ತೂಕ 700 ಗ್ರಾಂ ಒಳಗೆ ತಂದು ತೋರಿಸಲಿ, ಹೇಳುತ್ತೇನೆ.