ನೆರಳು ಬೀಳುವ ಜಾಗ ನೋಡಿ ಗುಂಡಿ ತೆಗೆಯಿರಿ

ಬೀದಿಗೆ ಸಾಲುಮರ ಹಾಕುವ ಮುಂಚೆ ನಾವು ನೋಡುವುದು, ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಜನ ಎಲ್ಲೆಲ್ಲಿ ನಿಲ್ಲುತ್ತಾರೆ ಎಂಬುದನ್ನು. ಬಸ್ಸಿಗೆ ಕಾಯುವ ಜಾಗ, ರಸ್ತೆ ದಾಟುವ ಮೂಲೆ, ಶಾಲೆಯ ಗೇಟು, ಬೆಂಚು ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತೇವೆ. ಅಲ್ಲಿ ನೆರಳು ಬೀಳಬೇಕಾದರೆ ಮರದ ಬುಡ ಎಲ್ಲಿರಬೇಕು ಎಂಬ ಲೆಕ್ಕ ಆಮೇಲೆ.

ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ 4 ಮೀಟರ್ ಎತ್ತರದ ಕೊಂಬೆಯ ನೆರಳು 4 ಮೀಟರ್ ಆಚೆ ಬೀಳುತ್ತದೆ. 30 ಡಿಗ್ರಿಗೆ ಇಳಿದರೆ ಸುಮಾರು 7 ಮೀಟರ್ ಆಚೆ. ಮಧ್ಯಾಹ್ನದ ಮೇಲೆ ನೆರಳು ಪೂರ್ವಕ್ಕೆ ಸರಿಯುವುದರಿಂದ, ಎಳೆಯ ಮರದ ಬುಡಕ್ಕೆ ತಾಗಿಸಿ ಹಾಕಿದ ಬೆಂಚಿನ ಮೇಲೆ ಓರೆ ಬಿಸಿಲು ಹೊಡೆಯುತ್ತದೆ. ಬೆಂಚನ್ನು ಪೂರ್ವಕ್ಕೆ ಎರಡು ಮೂರು ಮೀಟರ್ ಸರಿಸಿ. ಉತ್ತರ-ದಕ್ಷಿಣದ ಬೀದಿಯಲ್ಲಿ ಸಂಜೆಯ ಬಿಸಿಲಿಗೆ ಕಾಯುವುದು ಪೂರ್ವ ಬದಿಯ ಫುಟ್‌ಪಾತು ಮತ್ತು ಅದರ ಹಿಂದಿನ ಗೋಡೆ. ಸಸಿ ಕಡಿಮೆಯಿದ್ದರೆ ಮೊದಲು ಆ ಬದಿಗೇ ನೆಡಬೇಕು.

ಫಲಿತಾಂಶ ಅಳೆಯಲು ಬರೀ ಗಾಳಿಯ ಉಷ್ಣಾಂಶ ನೋಡಿದರೆ ನಿರಾಸೆಯಾಗುತ್ತದೆ. ಒಂದು ಸಾಲು ಮರದಡಿ ಗಾಳಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಮೈಗೆ ಹಿತವೆನಿಸುವುದು ಮುಖ್ಯವಾಗಿ ನೇರ ಬಿಸಿಲು ತಪ್ಪುವುದರಿಂದ ಮತ್ತು ಸುತ್ತಲಿನ ಟಾರು, ಗೋಡೆ ಕಾಯದೆ ಇರುವುದರಿಂದ. ಇದನ್ನು ಹಿಡಿಯಲು 40 ಮಿಲಿಮೀಟರಿನ ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಬೂದು ಬಣ್ಣ ಬಳಿದು, ಸಣ್ಣ ತೂತು ಕೊರೆದು, ಉಷ್ಣಾಂಶ ಸೆನ್ಸರಿನ ತುದಿ ಚೆಂಡಿನ ನಟ್ಟನಡುವೆ ನಿಲ್ಲುವಂತೆ ಅಂಟಿಸುತ್ತೇವೆ. ಬಿಸಿಲಲ್ಲೊಂದು, ನೆರಳಲ್ಲೊಂದು, ನೆಲದಿಂದ 1.1 ಮೀಟರ್ ಎತ್ತರದಲ್ಲಿ. ಕಾಲು ಗಂಟೆ ಬಿಟ್ಟು ಓದಿದರೆ, ಗಾಳಿಯ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇದ್ದರೂ ಚೆಂಡುಗಳ ನಡುವಿನ ಅಂತರ ಎದ್ದು ಕಾಣುತ್ತದೆ.

ಇನ್ನು ಮಣ್ಣು. ಹೆಚ್ಚಿನ ಬೀದಿಮರಗಳು ಕುಬ್ಜವಾಗಿ ಉಳಿಯುವುದು ಇದು ಸಾಲದೆ. ಕೊಂಬೆಗಳ ಹರವಿನ ಪ್ರತಿ ಚದರ ಮೀಟರಿಗೆ ಸುಮಾರು 0.6 ಘನ ಮೀಟರ್ ಸಡಿಲ ಮಣ್ಣು ಬೇಕೆಂದು ಹಿಡಿಯುತ್ತೇವೆ. 6 ಮೀಟರ್ ಅಗಲದ ಹರವೆಂದರೆ 28 ಚದರ ಮೀಟರ್ ನೆರಳು, ಅದಕ್ಕೆ 17 ಘನ ಮೀಟರ್ ಮಣ್ಣು. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಸಿಗುವುದು ಒಂದೇ ಘನ ಮೀಟರ್! ಹಾಗಾಗಿ ಬಿಡಿ ಗುಂಡಿಗಳ ಬದಲು 2 ಮೀಟರ್ ಅಗಲ, 1 ಮೀಟರ್ ಆಳದ ಉದ್ದನೆಯ ಕಂದಕ ತೆಗೆಸಿ, ಸಾಲಿನ ಮರಗಳ ಬೇರು ಅದೇ ಮಣ್ಣನ್ನು ಹಂಚಿಕೊಳ್ಳುವಂತೆ ಬಿಡುತ್ತೇವೆ. ಮೇಲೆ ಕಲ್ಲುಹಾಸು ಬರಲೇಬೇಕಾದ ಕಡೆ ಒರಟು ಜಲ್ಲಿಗೆ ಮಣ್ಣು ಬೆರೆಸಿ ತುಂಬುತ್ತೇವೆ. ಭಾರ ಜಲ್ಲಿಯ ಮೇಲೆ, ಬೇರು ಸಂದುಗಳಲ್ಲಿ. ಆದರೆ ಅದರಲ್ಲಿ ಮಣ್ಣಿನ ಪಾಲು ಐದರಲ್ಲೊಂದರ ಆಸುಪಾಸು ಮಾತ್ರ. ಪೂರ್ತಿ ಮಣ್ಣೆಂದು ಲೆಕ್ಕ ಹಿಡಿದರೆ ಕೆಲವೇ ವರ್ಷಗಳಲ್ಲಿ ಬೆಳವಣಿಗೆ ನಿಂತುಬಿಡುತ್ತದೆ. ಕಂದಕದಿಂದ ಸಿಮೆಂಟು, ಸುಣ್ಣದ ಚೂರುಗಳನ್ನು ಆರಿಸಿ ತೆಗೆಯಲೇಬೇಕು. ಅವು ಮಣ್ಣನ್ನು ಕ್ಷಾರವಾಗಿಸಿ ಕಬ್ಬಿಣಾಂಶ ಸಿಗದಂತೆ ಮಾಡುತ್ತವೆ. ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿದರೆ ಮೊದಲ ಅನುಮಾನ ಇದರ ಮೇಲೆ.

ನೆಡುವಾಗ ಗುಂಡಿ ಬೇರಿನ ಹೆಂಟೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಹೆಂಟೆಯಷ್ಟೇ. ಕಾಂಡ ಅಗಲವಾಗಿ ಬೇರಾಗುವ ಭಾಗ ನೆಲದ ಮಟ್ಟಕ್ಕೆ ಕಾಣಬೇಕು. ಹೂತುಹೋದರೆ ಬುಡ ಕೊಳೆಯುತ್ತದೆ. ಚೀಲದೊಳಗೆ ಸುತ್ತಿಕೊಂಡ ಬೇರನ್ನು ಕತ್ತರಿಸಿ ಬಿಡಿಸದಿದ್ದರೆ ವರ್ಷಗಳ ನಂತರ ಅದೇ ಕಾಂಡದ ಕತ್ತು ಹಿಸುಕುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೆ 40ರಿಂದ 60 ಲೀಟರ್ ನೀರನ್ನು ಎರಡು ಮೂರು ಕಂತಿನಲ್ಲಿ, ನಿಧಾನವಾಗಿ ಇಂಗುವಂತೆ ಕೊಡಿ. ನೀರು ಸಾಲದಿದ್ದರೆ ಎಲೆಯ ರಂಧ್ರಗಳು ಮುಚ್ಚಿಕೊಂಡು, ನೀರಾವಿಯಿಂದ ಬರುವ ತಂಪು ನಿಲ್ಲುತ್ತದೆ. ಪಾತಿಗೆ ತರಗೆಲೆ ಅಥವಾ ಮರದ ಚಕ್ಕೆಯ ಹೊದಿಕೆ 5–8 ಸೆಂಟಿಮೀಟರ್ ಸಾಕು, ಕಾಂಡಕ್ಕೆ ತಾಗದಂತೆ.

ಬೇಸಿಗೆಯ ಶುರುವಿನಲ್ಲೇ ಎಲೆ ಉದುರಿಸುವ ಜಾತಿಗಳನ್ನು ನಾನು ಫುಟ್‌ಪಾತಿಗೆ ಆರಿಸುವುದಿಲ್ಲ, ಹೂವು ಎಷ್ಟೇ ಚೆನ್ನಾಗಿದ್ದರೂ. ವಾಹನ ದಟ್ಟವಾಗಿರುವ ಇಕ್ಕಟ್ಟಾದ ಬೀದಿಯಲ್ಲಿ ಕೊಂಬೆಗಳು ಎರಡೂ ಕಡೆಯಿಂದ ಪೂರ್ತಿ ಕೂಡಿಕೊಳ್ಳದಂತೆ ಸಂದು ಉಳಿಸುತ್ತೇವೆ. ಇಲ್ಲದಿದ್ದರೆ ಹೊಗೆ, ರಾತ್ರಿಯ ಶಾಖ ಅಡಿಯಲ್ಲೇ ನಿಲ್ಲುತ್ತವೆ. ಸವರುವಾಗ ಫುಟ್‌ಪಾತಿನ ಮೇಲೆ 2.5 ಮೀಟರ್, ವಾಹನಗಳ ಕಡೆ 4.5 ಮೀಟರ್ ತೆರವಾದರೆ ಸಾಕು, ಅದೂ ಕೆಳಗಿನಿಂದ, ವರ್ಷಕ್ಕಿಷ್ಟೆಂದು. ತಂತಿಗೆ ತಾಗುತ್ತದೆಂದು ತುದಿ ಮೊಟಕುಗೊಳಿಸಿದರೆ ಗಾಯದಿಂದ ಬುಡ ಗಟ್ಟಿಯಿಲ್ಲದ ಚಿಗುರುಗಳ ಗುಂಪು ಏಳುತ್ತದೆ, ಅವು ಬಲಿತ ಮೇಲೆ ಗಾಳಿಗೆ ಸಿಗಿದು ಬೀಳುತ್ತವೆ. ತಂತಿಯ ಕೆಳಗೆ ಮೊದಲೇ ಗಿಡ್ಡ ಜಾತಿ ಹಾಕಬೇಕು. ಕಬ್ಬಿಣದ ಕಾವಲು ಬಳೆಯನ್ನು ಕಾಂಡ ಮುಟ್ಟುವ ಮುಂಚೆ ತೆಗೆಯುವವರು ಯಾರು ಎಂಬುದನ್ನು ನೆಡುವ ದಿನವೇ ಕೆಲಸದ ಪಟ್ಟಿಯಲ್ಲಿ ಬರೆದಿಡಿ.