ಹಳದಿ, ಹಸಿರು, ನೇರಳೆ: ಆಮಂತ್ರಣ ಪತ್ರಿಕೆಯಲ್ಲಿ ಹೊಂದಿಸುವುದು ಹೇಗೆ?

ಬದನೆ ಗಿಡದ ಹೂವನ್ನು ಹತ್ತಿರದಿಂದ ನೋಡಿ. ಅಗಲವಾಗಿ ಬಿಚ್ಚಿದ ನೇರಳೆ ಎಸಳು, ನಟ್ಟನಡುವೆ ಒತ್ತಾಗಿ ನಿಂತ ಹಳದಿ ಕೇಸರ, ಸುತ್ತ ಹಸಿರೆಲೆ. ಮೂರೂ ಗಟ್ಟಿ ಬಣ್ಣಗಳೇ, ಆದರೂ ಕಣ್ಣಿಗೆ ಚುಚ್ಚುವುದಿಲ್ಲ. ಇದೇ ಮೂರನ್ನು ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ ಸಮಸಮವಾಗಿ ಬಳಿದರೆ ಓದುವವರು ಕಣ್ಣು ಕಿರಿದುಮಾಡಬೇಕಾಗುತ್ತದೆ. ತಪ್ಪು ಬಣ್ಣಗಳದ್ದಲ್ಲ, ಪಾಲು ಹಂಚಿದ ರೀತಿಯದು.

ಹಾಗಾಗಿ ಮೊದಲು ಪಾಲು ನಿರ್ಧರಿಸಿ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1919ರಿಂದ 1923ರವರೆಗೆ ಕಲಿಸಿದ ಯೊಹಾನೆಸ್ ಇಟೆನ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಜರ್ಮನ್ ಕವಿ ಗಯಟೆಯವೆಂದು ಅವರು ಹೇಳಿದ ಪ್ರಕಾಶದ ಅಂಕಿಗಳಲ್ಲಿ ಹಳದಿಗೆ 9, ಹಸಿರಿಗೆ 6, ನೇರಳೆಗೆ 3. ಹೆಚ್ಚು ಹೊಳೆಯುವ ಬಣ್ಣಕ್ಕೆ ಕಡಿಮೆ ಜಾಗ ಸಾಕು ಎಂದು ಇಟೆನ್ ಅದನ್ನು ತಿರುಗಿಸಿದರು: ಹಳದಿ 3, ಹಸಿರು 6, ನೇರಳೆ 9. ಅಂದರೆ ಬಣ್ಣ ತುಂಬುವ ಜಾಗದಲ್ಲಿ ಅರ್ಧ ನೇರಳೆಗೆ, ಮೂರನೇ ಒಂದು ಭಾಗ ಹಸಿರಿಗೆ, ಉಳಿದ ಆರನೇ ಒಂದು ಭಾಗ ಹಳದಿಗೆ. ಇದು ಶುದ್ಧ ಬಣ್ಣಗಳ ಲೆಕ್ಕ. ನೇರಳೆಯನ್ನು ತಿಳಿಗೊಳಿಸಿದರೆ ಅನುಪಾತವೂ ಬದಲಾಗುತ್ತದೆ, ಆಗ ನಿಮ್ಮ ಕಣ್ಣನ್ನೇ ನಂಬಿ. ಹಳದಿಯ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯುವುದೇ ಒಳ್ಳೆಯದು.

ನಂತರ ಛಾಯೆಗಳು. ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಹೀಗೆ ಕೊಟ್ಟು ನೋಡಿ: ನೇರಳೆಗೆ 74, 20, 140, ಹಸಿರಿಗೆ 46, 125, 50, ಹಳದಿಗೆ 251, 192, 45. ಇದು ನಿಂಬೆಹಳದಿಯಲ್ಲ, ಚೆಂಡುಹೂವಿನ ಕಡೆಗೆ ವಾಲಿದ ಹಳದಿ. ಹಸಿರಿನ ಪಕ್ಕದಲ್ಲಿ ನಿಂಬೆಹಳದಿ ಸಪ್ಪೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಅಕ್ಷರ, ಹೆಚ್ಚಿನ ಪತ್ರಿಕೆಗಳು ಕೆಡುವುದೇ ಇಲ್ಲಿ. ವೆಬ್ ಪುಟಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಪ್ರಕಾಶದಲ್ಲಿ ಕನಿಷ್ಠ 4.5:1 ಅಂತರವಿರಬೇಕು. ಕಾಗದಕ್ಕೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಮೇಲಿನ ನೇರಳೆಯ ಮೇಲೆ ಹಳದಿ ಅಕ್ಷರ ಬರೆದರೆ ಅಂತರ ಸುಮಾರು 7:1, ಸೊಗಸಾಗಿ ಓದಬಹುದು. ಅದೇ ನೇರಳೆಯ ಮೇಲೆ ಹಸಿರು ಅಕ್ಷರವಿಟ್ಟರೆ 2.3:1 ಅಷ್ಟೇ. ಬಿಳಿಯ ಮೇಲೆ ಹಳದಿ 2:1 ಕೂಡ ಮುಟ್ಟುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಚಿಕ್ಕವು, ಗೆರೆಗಳು ಸಣ್ಣವು. ‘ಲಕ್ಷ್ಮೀ’ ಎಂಬ ಹೆಸರಿನ ಕೆಳಗಿನ ಒತ್ತುಗಳು ಹಸಿರು–ನೇರಳೆ ಜೋಡಿಯಲ್ಲಿ ಕಾಣದೇ ಹೋಗುತ್ತವೆ. ಹಿರಿಯರ ಹೆಸರು, ಮುಹೂರ್ತದ ಹೊತ್ತು, ಮನೆಯ ವಿಳಾಸ ಇವೆಲ್ಲ ತಿಳಿಬಣ್ಣದ ಕಾಗದದ ಮೇಲೆ ಗಾಢ ನೇರಳೆಯಲ್ಲೇ ಇರಲಿ. ಹಸಿರನ್ನು ತೋರಣ, ಬಳ್ಳಿ, ಅಂಚುಗಳಿಗೆ ಬಿಡಿ.

ಇನ್ನೊಂದು ಮಾತು, ವಿನ್ಯಾಸ ಮಾಡುವವರು ಮರೆಯುವಂಥದ್ದು. ಪತ್ರಿಕೆ ಹಂಚುವ ಮುನ್ನ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇವೆ. ಮೂಲೆಯಲ್ಲಿ ಗಾಢ ನೇರಳೆ ತುಂಬಿದ್ದರೆ ಅರಿಶಿನ ಕಾಣುವುದಿಲ್ಲ, ಮಣ್ಣು ಮೆತ್ತಿದಂತಾಗುತ್ತದೆ. ಮೂಲೆಗಳನ್ನು ಖಾಲಿ ಬಿಡಿ, ಆ ಅರಿಶಿನವನ್ನೂ ಹಳದಿಯ ಪಾಲಿನಲ್ಲಿ ಎಣಿಸಿ. ಮನೆಯವರ ಬೆರಳು ಮುಟ್ಟಿದ ಆ ಹಳದಿಗಿಂತ ಚೆಂದದ ಹಳದಿಯನ್ನು ಯಾವ ಮುದ್ರಣಾಲಯವೂ ಕೊಡಲಾರದು.

ಕೊನೆಗೆ ಮುದ್ರಣ. ಪರದೆಯ ಮೇಲಿನ ನೇರಳೆ ಕಾಗದಕ್ಕೆ ಇಳಿದಾಗ ನೀಲಿಯ ಕಡೆಗೆ ಜಾರುವುದು ಸಾಮಾನ್ಯ. ಸಯಾನ್ (ಹಸಿರು ಬೆರೆತ ತಿಳಿನೀಲಿ) ಮತ್ತು ಮಜೆಂಟಾ (ಕಡುಗುಲಾಬಿ) ಶಾಯಿಗಳ ಪ್ರಮಾಣ ಹತ್ತಿರಹತ್ತಿರ ಇರುವುದೇ ಇದಕ್ಕೆ ಕಾರಣ. ಮಜೆಂಟಾ ಶೇ 100 ಇದ್ದರೆ ಸಯಾನ್ ಶೇ 70 ದಾಟದಿರಲಿ ಎಂದು ಡಿಟಿಪಿ ಮಾಡುವವರಿಗೆ ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಪ್ರತಿಗೆ ಈ ತೊಂದರೆಯಿಲ್ಲ, ಅದಕ್ಕೆ ಮೊದಲಿನ ಅಂಕಿಗಳೇ ಇರಲಿ. ಮುದ್ರಣದ ಮಾದರಿ ಪ್ರತಿ ಬಂದಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿಬಿಡಬೇಡಿ. ಹೊರಗಿನ ಬೆಳಕಿಗೆ ತಂದು, ನೇರಳೆ ಇನ್ನೂ ನೀಲಿಯಾಗಿ ಕಂಡರೆ ಸಯಾನ್ ಇನ್ನಷ್ಟು ತಗ್ಗಿಸಿ ಮತ್ತೊಂದು ಪ್ರತಿ ಕೇಳಿ.