ನೀರು ಬಿದ್ದ ಟ್ಯಾಬ್ ಬಿಚ್ಚಿದ ಮೊದಲ ಸಲ

ಹೋದ ಆಷಾಢದಲ್ಲಿ ನಮ್ಮ ಜಗಲಿಯ ಒಂದು ಹೆಂಚು ಸರಿದಿತ್ತು. ಹೊಲಿಗೆ ಮೆಷಿನ್ ಪಕ್ಕ ಇಟ್ಟಿದ್ದ ಟ್ಯಾಬ್ ಮೇಲೆ ರಾತ್ರಿಯಿಡೀ ನೀರು ತೊಟ್ಟಿಕ್ಕಿದೆ. ತೀರ್ಥಹಳ್ಳಿ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಎಂಟು ಇಂಚಿನ ಹಳೇ ಟ್ಯಾಬ್ ಅದು. ಅದರಲ್ಲಿ 140 ಗಿರಾಕಿಗಳ ಬ್ಲೌಸ್ ಅಳತೆ ಇತ್ತು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಶ್ರಾವಣದ ಆರ್ಡರ್‌ಗಳು ಆಗಲೇ ಬರಲು ಶುರುವಾಗಿದ್ದವು. ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿರುತ್ತೆ ಮೇಡಂ, ಹೊಸದು ತಗೊಳ್ಳಿ" ಅಂದರು. ಹಾಗಾಗಿ ನಾನೇ ಬಿಚ್ಚಿದೆ. ಮೊದಲ ಸಲ ಮಾಡುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು: ಪವರ್ ಬಟನ್ ಒತ್ತಬೇಡಿ. "ಆನ್ ಆಗುತ್ತಾ ನೋಡೋಣ" ಅನ್ನಿಸುತ್ತದೆ, ನನಗೂ ಅನ್ನಿಸಿತು. ಒಂದು ಸಲ ಒತ್ತಿದೆ. ಪರದೆ ಮಿಣುಕಿ ಆರಿತು. ಟ್ಯಾಬನ್ನು ಕೆಡಿಸುವುದು ಬರೀ ನೀರಲ್ಲ, ನೀರಿನ ಜೊತೆ ಹರಿಯುವ ಕರೆಂಟು. ಹೆಂಚಿನ ಧೂಳು, ಮಸಿ ಎಲ್ಲ ತೊಳೆದುಕೊಂಡು ಬಂದ ನೀರಲ್ಲಿ ಲವಣ ಇರುತ್ತದೆ. ಅದರ ಮೂಲಕ ಕರೆಂಟು ಹರಿದರೆ ತಾಮ್ರ ಕರಗಿ ಕಿಲುಬು ಕಟ್ಟುತ್ತದೆ. ಬ್ಯಾಟರಿ ಒಳಗೆ ಜೋಡಿಸಿಕೊಂಡೇ ಇರುವುದರಿಂದ, ಆಫ್ ಆಗಿದ್ದರೂ ಇದು ನಡೆಯುತ್ತಲೇ ಇರುತ್ತದೆ. ಆದ್ದರಿಂದ ಒಣಗಿಸುವುದಕ್ಕಿಂತ ಮೊದಲ ಕೆಲಸ ಬ್ಯಾಟರಿ ಬಿಡಿಸುವುದು. ಚಾರ್ಜಿಗೆ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಕೈ ಒರೆಸಿಕೊಂಡು ವೈರ್ ತೆಗೆಯಿರಿ.

ಅತ್ತೆ ಅಕ್ಕಿ ಡಬ್ಬಿಗೆ ಹಾಕು ಅಂದರು. ಅಕ್ಕಿ ಒಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ, ಅದರ ಪುಡಿ ಮಾತ್ರ ಚಾರ್ಜಿಂಗ್ ಪಿನ್ನಿನೊಳಗೆ ಸೇರುತ್ತದೆ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ 2024ರಲ್ಲಿ ತನ್ನ ಸೂಚನೆಯಲ್ಲಿ ಹೇಳಿದೆ. ನನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿ "ಅಕ್ಕಾ, ಹೇರ್ ಡ್ರೈಯರ್ ತರ್ಲಾ?" ಅಂದಳು. ಅದೂ ಬೇಡ. ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಯೋಚನೆಯಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿ ಬಿಸಿಯಾದರೆ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

ನನ್ನದು ಪ್ಲಾಸ್ಟಿಕ್ ಹಿಂಬದಿ ಇರುವ ಟ್ಯಾಬ್, ಸುತ್ತಲೂ ಕ್ಲಿಪ್ಪಿನಿಂದ ಕೂತಿರುತ್ತದೆ. ಗಾಜನ್ನೇ ಗಮ್ ಹಾಕಿ ಅಂಟಿಸಿರುವ ಟ್ಯಾಬ್ ಆದರೆ ಹೊಸಬರು ಕೈ ಹಾಕಬೇಡಿ, ಡಿಸ್‌ಪ್ಲೇ ಒಡೆಯುವುದೇ ಜಾಸ್ತಿ. ಮೊದಲು ಸಿಮ್ ಟ್ರೇ, ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಹಳೇ ಎಟಿಎಂ ಕಾರ್ಡಿನ ಮೂಲೆಯನ್ನು ಸಂದಿಗೆ ತೂರಿಸಿ, ನಿಧಾನಕ್ಕೆ ಸುತ್ತ ಹೋಗಿ. ಟಕ್ ಟಕ್ ಅಂತ ಕ್ಲಿಪ್ ಬಿಡುತ್ತದೆ. ಹೊಲಿಗೆ ಬಿಚ್ಚುವ ಹುಕ್ಕು ನನ್ನ ಕೈಯಲ್ಲೇ ಇತ್ತು, ಆದರೂ ಮುಟ್ಟಲಿಲ್ಲ. ಲೋಹದ ಚೂಪು ಬ್ಯಾಟರಿಗೆ ತಗುಲಿದರೆ ಅಪಾಯ.

ಒಳಗೆ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಜಾಗ ಬ್ಯಾಟರಿಯೇ. ಅದರಿಂದ ಬೋರ್ಡಿಗೆ, ಅಂದರೆ ಚಿಪ್‌ಗಳು ಕೂತಿರುವ ಹಲಗೆಗೆ, ಹೋಗುವ ವೈರ್ ಪಟ್ಟಿಯ ತುದಿ ಥೇಟ್ ಟಿಚ್ ಬಟನ್ ಇದ್ದ ಹಾಗೆ ಒತ್ತಿ ಕೂತಿತ್ತು. ಕಾರ್ಡಿನ ಮೂಲೆಯಿಂದ ನೇರ ಮೇಲಕ್ಕೆ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ಅದು ಬಿಟ್ಟ ಮೇಲೆ ಉಸಿರಾಡಬಹುದು, ಉಳಿದದ್ದಕ್ಕೆ ಅವಸರವಿಲ್ಲ. ಬೇರೆ ಪಟ್ಟಿಗಳು ಹಾಗಲ್ಲ. ಅವುಗಳ ಬಾಯಿಗೆ ಕೂದಲೆಳೆಯಷ್ಟು ತೆಳ್ಳಗಿನ ಮುಚ್ಚಳ ಇರುತ್ತದೆ. ಉಗುರಿನಿಂದ ಅದನ್ನು ಎತ್ತಿ, ಆಮೇಲೆ ಪಟ್ಟಿ ಜಾರಿಸಬೇಕು. ಸುಮ್ನೆ ಎಳೆದರೆ ಹರಿಯುತ್ತದೆ.

ಬೋರ್ಡ್ ಹೊರಗೆ ತೆಗೆಯಲು ಬಿಚ್ಚಿದ ಸ್ಕ್ರೂಗಳನ್ನು ಗುಂಡಿ ಡಬ್ಬಿಗೆ ಸುರಿಯಬೇಡಿ. ಪೇಪರ್ ಮೇಲೆ ಟ್ಯಾಬಿನ ಆಕಾರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿದೆ. ಅವೆಲ್ಲ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಬೋರ್ಡಿಗೇ ತೂತು ಬೀಳುತ್ತದೆ.

ತೊಳೆಯಲು ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಅಂಗಡಿಯಲ್ಲಿ ಐಪಿಎ ಅಂದರೆ ಸಾಕು. 99 ಪರ್ಸೆಂಟಿನದೇ ಕೇಳಿ. 70ರದ್ದರಲ್ಲಿ ಉಳಿದದ್ದು ನೀರೇ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಶಿವಮೊಗ್ಗದಿಂದ ತರಿಸಲು ಎರಡು ದಿನ ಹಿಡಿಯಿತು. ಇದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ದೀಪ, ಊದುಬತ್ತಿ ಇರಬಾರದು, ಕಿಟಕಿ ತೆರೆದಿರಲಿ.

ಜರಿ ಕೆಲಸಕ್ಕೆ ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಬೋರ್ಡ್ ನೋಡಿದೆ. ಚಾರ್ಜಿಂಗ್ ಪಿನ್ ಹತ್ತಿರ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಹಸಿರು ಕಿಲುಬು. ಉಜ್ಜದೆ ಬಿಟ್ಟ ತಾಮ್ರದ ಚೊಂಬಿನಲ್ಲಿ ಕಾಣುತ್ತದಲ್ಲ, ಅದೇ. ಪಕ್ಕದ ಎರಡು ಪಿನ್ನುಗಳ ನಡುವೆ ಬಿಳಿ ಪುಡಿ ಸೇತುವೆ ಕಟ್ಟಿತ್ತು. ಬಟನ್ ಒತ್ತಿದಾಗ ಪರದೆ ಮಿಣುಕಿದ್ದು ನೆನಪಾಗಿ ಹೊಟ್ಟೆ ತೊಳಸಿತು. ಚೊಂಬಿನ ಹಾಗೆ ಹುಣಸೆಹುಳಿ ಹಚ್ಚಬೇಡಿ, ಹುಳಿ ಉಳಿದರೆ ತಿನ್ನುತ್ತಲೇ ಇರುತ್ತದೆ. ಹೊಸ ಮೆತ್ತನೆಯ ಟೂತ್‌ಬ್ರಷ್ ಐಪಿಎಯಲ್ಲಿ ಅದ್ದಿ, ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ. ಬೋರ್ಡ್ ಓರೆಯಾಗಿ ಹಿಡಿದು ಕೊಳೆ ಹರಿದುಹೋಗಲು ಬಿಡಿ. ಮತ್ತೆ ಅದ್ದಿ, ಮತ್ತೆ ಉಜ್ಜಿ. ಕಿಲುಬು ಪೂರ್ತಿ ಹೋಗಲು ನನಗೆ ಒಂಬತ್ತು ಸಲ ಬೇಕಾಯಿತು. ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ, ನೂಲು ಪಿನ್ನಿಗೆ ಸಿಕ್ಕುತ್ತದೆ. ಡಿಸ್‌ಪ್ಲೇಗೆ, ಬ್ಯಾಟರಿಗೆ ಐಪಿಎ ತಾಗಿಸಬೇಡಿ. ಡಿಸ್‌ಪ್ಲೇ ಪದರಗಳ ನಡುವೆ ಇಳಿದರೆ ಕಲೆ ಹೋಗುವುದಿಲ್ಲ. ಬೋರ್ಡಿನ ಮೇಲೆ ತಗಡಿನ ಚಿಕ್ಕ ಮುಚ್ಚಳಗಳಿರುತ್ತವೆ. ಬೆಸುಗೆ ಹಾಕಿದ್ದರೆ ಕೀಳಬೇಡಿ.

ಆಷಾಢದಲ್ಲಿ ನಮ್ಮೂರಿನ ಗಾಳಿಗೆ ಬಟ್ಟೆಯೇ ಒಣಗುವುದಿಲ್ಲ. ಹಾಗಾಗಿ ಫ್ಯಾನ್ ಕೆಳಗೆ ನಾಲ್ಕು ಗಂಟೆ ಇಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೊಸ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟೆ. ಚಪ್ಪಲಿ ಡಬ್ಬಿಯ ಹಳೇ ಪೊಟ್ಟಣ ಆಗಲೇ ತೇವ ಹೀರಿಕೊಂಡಿರುತ್ತದೆ, ನಂಬಬೇಡಿ.

ಜೋಡಿಸುವಾಗ ಬ್ಯಾಟರಿಯ ಪಟ್ಟಿ ಕೊನೆಗೆ. ಅದಕ್ಕೂ ಮೊದಲು ಬ್ಯಾಟರಿ ಚಪ್ಪಟೆ ಇದೆಯಾ ನೋಡಿ. ದಿಂಬಿನ ಹಾಗೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಸಕ್ಕೆ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ನನ್ನದು ಚಪ್ಪಟೆ ಇತ್ತು. ಪಕ್ಕದ ಮನೆಯ ವೈರಿಂಗ್ ಹುಡುಗ ಮೀಟರ್ ಹಿಡಿದು 3.6 ವೋಲ್ಟ್ ಇದೆ, ಬ್ಯಾಟರಿ ಸತ್ತಿಲ್ಲ ಅಂದ. ಹಿಂಬದಿ ಮುಚ್ಚದೆ ಆನ್ ಮಾಡಿದೆ. ಏನೂ ಆಗಲಿಲ್ಲ. ಪಕ್ಕದಲ್ಲೇ ಕೂತು, ಬಿಸಿಯಾಗುತ್ತಿದೆಯಾ ಅಂತ ನೋಡುತ್ತಾ ಇಪ್ಪತ್ತು ನಿಮಿಷ ಚಾರ್ಜಿಗೆ ಹಾಕಿದೆ. ಮತ್ತೆ ಒತ್ತಿದಾಗ ಪರದೆ ಬೆಳಗಿತು. ಟಚ್ ಮಾತ್ರ ಕೆಲಸ ಮಾಡಲಿಲ್ಲ. ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಟಚ್ಚಿನ ಪಟ್ಟಿ ತೆಗೆದು ಇನ್ನೊಮ್ಮೆ ನೇರ ಕೂರಿಸಿದೆ. ಸರಿಯಾಯಿತು. ಒಂದು ಸ್ಪೀಕರ್ ಹೋಯಿತು, ಬಲಮೂಲೆಯಲ್ಲಿ ಮೋಡದಂಥ ಕಲೆ ಉಳಿಯಿತು. ಈಗಲೂ ರಾತ್ರಿ ಚಾರ್ಜಿಗೆ ಹಾಕಿ ಮಲಗುವುದಿಲ್ಲ.

ನಿಮ್ಮದೂ ಹೀಗೆ ಬೆಳಗಿದರೆ ಮೊದಲು ಒಳಗಿರುವುದನ್ನು ಹೊರಗೆ ತೆಗೆದುಕೊಳ್ಳಿ, ಮತ್ತೆ ಯಾವಾಗ ಆರುತ್ತದೋ ಹೇಳಲಾಗದು. ನಾವು ಹಿಂಬದಿ ಮುಚ್ಚದೆಯೇ ಬರೆಯಲು ಕೂತೆವು. ಹುಡುಗಿ ಓದಿ ಹೇಳಿದಳು, ನಾನು ನೋಟ್‌ಬುಕ್ಕಿಗೆ ಇಳಿಸಿದೆ. ಎದೆ 36, ಸೊಂಟ 31, ತೋಳು 10, ಹಿಂದಿನ ಕೊರಳು 8. 140ನೆಯದು ಬರೆಯುವಾಗ ರಾತ್ರಿ ಒಂದೂವರೆ ಆಗಿತ್ತು. ಆಮೇಲೆ ಕ್ಲಿಪ್ ಒತ್ತಿ ಮುಚ್ಚಿದೆ.